ಒದ್ದಾಡದೆ ಮುಳುಗಿದವರು

ಕೊರೋನಾ ಕಳೆದು ಶಾಲೆಗಳ ಬಾಗಿಲು ಪೂರ್ತಿ ತೆರೆದ ವರ್ಷದ ಮಾತಿದು. ಆಗ ನಾನು ಸರ್ಕಾರಿ ನೌಕರಿಯಿಂದ ನಿವೃತ್ತನಾಗಿ ಬನಹಟ್ಟಿಯಲ್ಲಿ ಸ್ವಂತದ್ದೊಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದೆ. ನಾನು ಎದೆರೋಗದ ವೈದ್ಯ. ಮೂವತ್ತೈದು ವರ್ಷ ರಬಕವಿ-ಬನಹಟ್ಟಿಯ ನೇಕಾರರ ಕೆಮ್ಮು ಕೇಳಿಯೇ ನನ್ನ ತಲೆ ಬೆಳ್ಳಗಾಯಿತು. ಪವರ್‌ಲೂಮಿನ ಮುಂದೆ ನಿಂತು ನಿಂತು, ಹತ್ತಿಯ ಧೂಳು ಕುಡಿದು ಕುಡಿದು, ನಲವತ್ತಕ್ಕೇ ಮೆಟ್ಟಿಲು ಹತ್ತಲಾರದವರಾಗಿ ನನ್ನ ಬಳಿ ಬರುತ್ತಿದ್ದರು.

ನನ್ನ ಮೇಜಿನ ಮೇಲೆ ಸ್ಪೈರೋಮೀಟರ್ ಎಂಬ ಯಂತ್ರವೊಂದಿದೆ. ರೋಗಿ ಎದೆ ತುಂಬ ಗಾಳಿ ಎಳೆದುಕೊಂಡು ಅದರ ಕೊಳವೆಯೊಳಗೆ ಊದಬೇಕು. ಎಷ್ಟು ಗಾಳಿ ಬಂತು, ಎಷ್ಟು ಬಿರುಸಿನಿಂದ ಬಂತು ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತದೆ. "ಊದು, ಊದು, ಬಿಡಬ್ಯಾಡ" ಎಂದು ನಾನು ದಿನವಿಡೀ ಕೂಗುವುದನ್ನು ಕೇಳಿ ಊರವರು ನನಗೆ ಊದು ಡಾಕ್ಟರ್ ಎಂದೇ ಹೆಸರಿಟ್ಟಿದ್ದಾರೆ. ನನಗೆ ಸಿಟ್ಟೂ ಬೇಗ. ಊದಿರಿ ಎಂದರೆ ಎಳೆದುಕೊಳ್ಳುವವರು, ಬೀಡಿ ಬಿಟ್ಟೆ ಎಂದು ಸುಳ್ಳು ಹೇಳುವವರು, ಇವರ ಮೇಲೆಲ್ಲ ರೇಗಿ ರೇಗಿ ಸಂಜೆಯ ಹೊತ್ತಿಗೆ ನನ್ನ ಗಂಟಲೇ ಬಿದ್ದು ಹೋಗುತ್ತಿತ್ತು.

ಅಂಥ ನನ್ನ ಬಳಿಗೆ ಒಂದು ದಿನ ಈರಣ್ಣ ಮಾಸ್ತರರು ಎಂಟು ಮಕ್ಕಳನ್ನು ಸಾಲು ಹಚ್ಚಿಕೊಂಡು ಬಂದರು. ಹಿಪ್ಪರಗಿ ಕಡೆಯ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರರು ಅವರು. ಅಲ್ಲಿ ನದಿಗೆ ಕಟ್ಟಿದ ಬ್ಯಾರೇಜಿನ ಹಿನ್ನೀರಿನಲ್ಲಿ ಮೊಸಳೆಯ ಹೆದರಿಕೆ. ಹೀಗಾಗಿ ಕಬ್ಬಿನ ಹೊಲದ ನಡುವಿನ ಒಂದು ದೊಡ್ಡ ಬಾವಿಯಲ್ಲೇ ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಬಾವಿಯ ಆ ಗೋಡೆಯಿಂದ ಈ ಗೋಡೆಗೆ ಹಗ್ಗ ಕಟ್ಟಿ, ಅದೇ ನಮ್ಮ ಟ್ರ್ಯಾಕು ಎನ್ನುತ್ತಿದ್ದರು. ನಮ್ಮ ಕಡೆ ಮಕ್ಕಳು ಬೆನ್ನಿಗೆ ಒಣಗಿದ ಕುಂಬಳಕಾಯಿ ಕಟ್ಟಿಕೊಂಡು ಆರೇಳು ವರ್ಷಕ್ಕೇ ನೀರಿಗೆ ಬೀಳುತ್ತಾರೆ. ಈಜು ಬಾರದವರೆಂದರೆ ನಗುತ್ತಾರೆ.

"ಸರ್, ಜಿಲ್ಲಾ ಮಟ್ಟಕ್ಕ ಕರಕೊಂಡ ಹೋಗೂದೈತ್ರಿ. ಇವರ ಎದಿ ಒಮ್ಮೆ ನೋಡಿ, ಫಾರ್ಮಿನ ಮ್ಯಾಲ ಒಂದ ಸಹಿ ಮಾಡಿ ಕೊಡ್ರಿ" ಎಂದರು ಮಾಸ್ತರರು.

ಅವರಲ್ಲಿ ಒಬ್ಬಳು ಭಾಗ್ಯಶ್ರೀ. ಒಂಬತ್ತನೇ ಇಯತ್ತೆ, ಹದಿನಾಲ್ಕು ವರ್ಷ. ತಂದೆ ಮಲ್ಲಪ್ಪ ಹಿಪ್ಪರಗಿಯ ರೈತ. ಬಡಕಲು ಹುಡುಗಿ, ಉದ್ದ ಕೈ, ಹಣೆಯ ಮೇಲೆ ವಿಭೂತಿ. ಕೊಳವೆ ಬಾಯಿಗಿಟ್ಟು ಊದತೊಡಗಿದಳು. ನನ್ನ ಯಂತ್ರದ ಗೆರೆ ಎಂದೂ ಹತ್ತದ ಎತ್ತರಕ್ಕೆ ಹತ್ತಿತು. ನೇಕಾರರು ಮೂರು ಸೆಕೆಂಡಿಗೆ ಕೆಮ್ಮಿ ಕೂತುಬಿಡುವ ಜಾಗದಲ್ಲಿ ಈಕೆ ಕಣ್ಣಲ್ಲೇ ನಗುತ್ತ ಊದುತ್ತಲೇ ಇದ್ದಳು. ನಡುವೆ ಬಾಯಿ ತೆಗೆದು, "ಇನ್ನಾ ಊದ್ಲೇನ್ರಿ ಸರ್?" ಎಂದು ಕೇಳಿದಳು.

"ಸಾಕ ಬಿಡವಾ, ಮಷೀನ ಹಾರಿ ಹೋದೀತು" ಎಂದೆ.

ಬೆಂಚಿನ ಮೇಲೆ ಪಾಳಿ ಕಾಯುತ್ತ ಕೂತಿದ್ದ ಮುದುಕ ನೇಕಾರನೊಬ್ಬ ಏದುಸಿರು ಬಿಡುತ್ತಲೇ, "ನನ್ನ ಪಾಲಿನ ಉಸುರೂ ಈಕಿಗೇ ಕೊಟ್ಟಾನ ನೋಡ್ರಿ ದೇವ್ರು" ಎಂದ. ಎಲ್ಲರೂ ನಕ್ಕರು. ನನಗೆ ಅಂದು ಆದ ಸಂತೋಷವನ್ನು ಹೇಗೆ ಹೇಳಲಿ? ಇಡೀ ಆಯುಷ್ಯ ಕೆಟ್ಟ ಎದೆಗಳನ್ನೇ ನೋಡಿದವನು ನಾನು. ಆವತ್ತಿನಿಂದ ಮಕ್ಕಳನ್ನು ಎರಡು ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ ಎಂದು ನಾನೇ ಮಾಸ್ತರರಿಗೆ ಗಂಟು ಬಿದ್ದೆ.

ಈಜು ಎದೆಗೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನೀರು ಎದೆಯನ್ನು ಸುತ್ತಲಿಂದ ಒತ್ತುತ್ತದೆ. ಆ ಒತ್ತಡದ ವಿರುದ್ಧ ಉಸಿರೆಳೆದು ಎಳೆದು ಪಕ್ಕೆಲುಬಿನ ನಡುವಿನ ಸ್ನಾಯುಗಳೂ ಎದೆ-ಹೊಟ್ಟೆಗಳ ನಡುವಿನ ಪರದೆಯಾದ ವಪೆಯೂ ಗಟ್ಟಿಯಾಗುತ್ತವೆ. ಬಾಯಿ ನೀರಿನ ಮೇಲೆ ಬರುವ ಒಂದು ಚಣದಲ್ಲೇ ಉಸಿರು ತೆಗೆದುಕೊಳ್ಳಬೇಕಾದ್ದರಿಂದ ಉಸಿರಾಟ ಆಳವಾಗುತ್ತದೆ, ಹದಕ್ಕೆ ಬರುತ್ತದೆ. ಹೃದಯದ ಎಡಕೋಣೆ ಹಿಗ್ಗುತ್ತದೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುವುದರಿಂದ, ಸುಮ್ಮನೆ ಕೂತಾಗ ಅದು ನಿಧಾನವಾಗಿ ಬಡಿದರೂ ಸಾಕಾಗುತ್ತದೆ. ಹೀಗೆ ಪಳಗಿದ ಹೃದಯಕ್ಕೆ ವೈದ್ಯರು ಅಥ್ಲೀಟ್ಸ್ ಹಾರ್ಟ್ ಎನ್ನುತ್ತಾರೆ. ಅದು ರೋಗವಲ್ಲ.

ಭಾಗ್ಯಾಳ ನಾಡಿ ಮೊದಲ ಸಲ ನೋಡಿದಾಗ ನಿಮಿಷಕ್ಕೆ ಅರವತ್ತೆರಡು ಇತ್ತು. ಆರು ತಿಂಗಳಿಗೆ ಐವತ್ತಕ್ಕೆ ಇಳಿಯಿತು. ನಾನು ಅದನ್ನು ಮಾಸ್ತರರಿಗೆ ತೋರಿಸಿ, "ನೋಡ್ರಿ, ನಿಮ್ಮ ಬಾವಿ ಎಂಥಾ ಕೆಲಸ ಮಾಡೈತಿ" ಎಂದು ಬೀಗಿದೆ. ಅವರಿಗಿಂತ ನನಗೇ ಹೆಚ್ಚು ಹೆಮ್ಮೆ.

ಶ್ರಾವಣ ಬಂತು. ಒಂದು ಸೋಮವಾರ ಬೆಳಿಗ್ಗೆ ಮಾಸ್ತರರು ಭಾಗ್ಯಾಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಗಾಬರಿಯಿಂದ ಬಂದರು. ಹಿಂದೆಯೇ ಮಲ್ಲಪ್ಪ ತನ್ನ ತಾಯಿ ಗೌರವ್ವನನ್ನು ಕರೆದುಕೊಂಡು ಬಂದ. ಗೌರವ್ವ ಎಪ್ಪತ್ತರ ಹತ್ತಿರದ, ನೆಟ್ಟಗೆ ನಿಲ್ಲುವ, ಕಡಿಮೆ ಮಾತಿನ ಹೆಂಗಸು. ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ನಾಕನೇ ಸುತ್ತಿನ್ಯಾಗ ಒಮ್ಮಿಂದೊಮ್ಮೆ ಕೈ ಬಿಟ್ಲರಿ ಸರ್. ನಾ ಜಿಗದು ಎಳಕೊಂಡೆ. ಎರಡ ಮಿನಿಟಿಗೆ ಎದ್ದು ಕುಂತ್ಲು" ಎಂದರು ಮಾಸ್ತರರು.

"ಏನೂ ಆಗಿಲ್ರಿ ಸರ್. ಇವತ್ತ ಸ್ವಾಮಾರ, ಅಜ್ಜಿ ಜೋಡಿ ನಾನೂ ಒಪ್ಪತ್ತ ಅದೇನಿ. ಮುಂಜಾನಿಂದ ಚಾ ಸೈತ ಕುಡದಿಲ್ಲ. ಕಣ್ಣಿಗೆ ಕತ್ತಲಿ ಬಂತು, ಅಷ್ಟ" ಎಂದಳು ಭಾಗ್ಯಾ. ಅವಳ ಕಣ್ಣು ನನ್ನ ಪೆನ್ನಿನ ಮೇಲೇ ಇತ್ತು. ಜಿಲ್ಲಾ ಕ್ರೀಡಾಕೂಟಕ್ಕೆ ಎರಡೇ ವಾರ ಉಳಿದಿತ್ತು. ನಾನು ಬೇಡ ಎಂದರೆ ಅವಳು ಮನೆಯಲ್ಲೇ ಉಳಿಯಬೇಕಿತ್ತು.

ನಾನು ಇಸಿಜಿ ತೆಗೆದೆ. ಹೃದಯದ ವಿದ್ಯುತ್ ಚಟುವಟಿಕೆಯನ್ನು ಚೌಕಳಿ ಕಾಗದದ ಮೇಲೆ ಬರೆಯುವ ಯಂತ್ರವದು. ನನ್ನದು ಹಳೆಯದು. ಅದು ಗೆರೆ ಬರೆಯುತ್ತದೆ ಹೊರತು ಅಳೆದು ಕೊಡುವುದಿಲ್ಲ. ಅಳೆಯುವ ಕೆಲಸ ವೈದ್ಯನದು. ಬಡಿತ ನಲವತ್ತೊಂಬತ್ತು. ಪ್ರತಿ ಬಡಿತದ ಕೊನೆಯ ಅಲೆ ಸ್ವಲ್ಪ ದೂರ ಸರಿದಂತೆ ಕಂಡಿತು. ನಿಧಾನ ಹೃದಯದಲ್ಲಿ ಅಲೆಗಳ ನಡುವಿನ ಅಂತರ ಹೆಚ್ಚಾಗುವುದು ಸಹಜವೇ, ಪಳಗಿದ ಹೃದಯ ಇದು, ಎಂದುಕೊಂಡೆ. ಸ್ಕೇಲು ನನ್ನ ಡ್ರಾಯರಿನಲ್ಲಿತ್ತು. ತೆಗೆಯಲಿಲ್ಲ.

ಆದರೂ ಕ್ರಮ ತಪ್ಪಬಾರದೆಂದು ಕೇಳಿದೆ: "ಮನ್ಯಾಗ ಯಾರಿಗರೆ ಹಾರ್ಟಿನ ತ್ರಾಸ ಇತ್ತೇನ್ರಿ?"

ಮಲ್ಲಪ್ಪ ತಾಯಿಯ ಮುಖ ನೋಡಿದ. ಗೌರವ್ವ ಹೇಳಿದಳು: "ನಮ್ಮ ಮನಿತನದಾಗ ಎದಿ ಬ್ಯಾನಿ ಯಾರಿಗೂ ಬಂದಿಲ್ಲ ಬಿಡ್ರಿ ಸಾಹೇಬ್ರ."

"ಹಂಗಿದ್ರ ಏನೂ ಚಿಂತಿಲ್ಲ. ಖಾಲಿ ಹೊಟ್ಟೀಲೆ ನೀರಿಗೆ ಬಿದ್ರ ಹಿಂಗ ಆಕ್ಕೈತಿ. ಉಂಡು ಈಜವಾ" ಎಂದು ಗದರಿ, ಸುಮ್ಮನೆ ಗಾಬರಿ ಎಬ್ಬಿಸಿದ್ದಕ್ಕೆ ಮಾಸ್ತರರ ಮೇಲೂ ಒಂದಿಷ್ಟು ರೇಗಿ, ಈ ವರ್ಷದ ಫಾರ್ಮಿಗೂ ಸಹಿ ಹಾಕಿದೆ. ಭಾಗ್ಯಾ ಹಾರಿ ಬಂದು ನನ್ನ ಕಾಲು ಮುಟ್ಟಿದಳು.

ಕ್ರೀಡಾಕೂಟಕ್ಕೆ ನನ್ನನ್ನೂ ಅತಿಥಿಯೆಂದು ಕರೆದಿದ್ದರು. ಈಜುಕೊಳದ ಪಕ್ಕದ ಶಾಮಿಯಾನದಲ್ಲಿ, ಕೊರಳಲ್ಲಿ ಹಾರ ಹಾಕಿಕೊಂಡು ಕೂತಿದ್ದೆ. ಇನ್ನೂರು ಮೀಟರ್ ಸ್ಪರ್ಧೆ. ಮೊದಲ ಎರಡು ಸುತ್ತು ಭಾಗ್ಯಾ ಎಲ್ಲರಿಗಿಂತ ಮುಂದಿದ್ದಳು. ಬಾವಿಯಲ್ಲಿ ಕಲಿತವಳು ನೀಲಿ ಹೆಂಚಿನ ಕೊಳದಲ್ಲಿ ಮೀನಿನಂತೆ ಹೋಗುತ್ತಿದ್ದಳು. ನಾನು ಪಕ್ಕದವರಿಗೆ, "ಆಕಿ ಎದಿ ನಾ ಅಳದೇನಿ" ಎಂದು ಹೇಳುತ್ತಿದ್ದೆ. ಹೇಳುತ್ತಿರುವಂತೆಯೇ ಮೂರನೇ ಸುತ್ತಿನ ನಡುವೆ ಅವಳು ನಿಂತಳು. ಕೈ ಬಡಿಯಲಿಲ್ಲ, ಕೂಗಲಿಲ್ಲ. ಮುಖ ಕೆಳಗೆ ಮಾಡಿ ಸುಮ್ಮನೆ ಇಳಿದು ಹೋದಳು.

ಈರಣ್ಣ ಮಾಸ್ತರರು ಬಟ್ಟೆ ಸಮೇತ ಜಿಗಿದರು. ಅರ್ಧ ನಿಮಿಷದಲ್ಲಿ ಅವಳು ದಂಡೆಯ ಮೇಲಿದ್ದಳು. ನಾನು ಹಾರ ಕಿತ್ತು ಎಸೆದು ಅವಳ ಎದೆ ಒತ್ತತೊಡಗಿದೆ. ಇಂಥ ಹೊತ್ತಿನಲ್ಲಿ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಬೇಕು. ಅದು ಅಲ್ಲಿ ಇರಲಿಲ್ಲ. ಆಂಬುಲೆನ್ಸ್ ಬಂತು, ಅದರಲ್ಲೂ ಒತ್ತಿದೆ, ಆಸ್ಪತ್ರೆಯ ಬಾಗಿಲಲ್ಲೂ ಒತ್ತಿದೆ. ಕೊನೆಗೆ ಅಲ್ಲಿಯ ಕಿರಿಯ ವೈದ್ಯರೊಬ್ಬರು ನನ್ನ ಭುಜ ಹಿಡಿದು, "ಸರ್, ಸಾಕ್ರಿ" ಎಂದರು. ಅಯ್ಯೋ, ಅಷ್ಟು ದೊಡ್ಡ ಉಸಿರಿನ ಹುಡುಗಿ! ನನ್ನ ಅಂಗೈ ಕೆಳಗೇ ತಣ್ಣಗಾದಳು.

ಊರಿನಲ್ಲಿ ಎಲ್ಲರೂ ನೀರು ಕುಡಿದು ಸತ್ತಳು ಎಂದರು. ನನಗೆ ಆ ಮಾತು ನಂಬಿಕೆಯಾಗಲಿಲ್ಲ. ಅರ್ಧ ನಿಮಿಷಕ್ಕೆ ಸಾಯುವ ಎದೆಯಲ್ಲ ಅದು. ಮರುದಿನ ದವಾಖಾನೆಯ ಬಾಗಿಲು ಹಾಕಿಕೊಂಡು ಅವಳ ಫೈಲು ತೆಗೆದೆ. ಶ್ರಾವಣ ಸೋಮವಾರದ ಆ ಇಸಿಜಿ ಕಾಗದವನ್ನು ಮೇಜಿನ ಮೇಲೆ ಹಾಸಿ, ಸ್ಕೇಲು ಇಟ್ಟು ಅಳೆದೆ. ಹೃದಯ ಒಮ್ಮೆ ಬಡಿದು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗಲು ತೆಗೆದುಕೊಳ್ಳುವ ಹೊತ್ತಿಗೆ ಕ್ಯೂಟಿ ಎನ್ನುತ್ತಾರೆ. ಭಾಗ್ಯಾಳದು ಹದಿನಾಲ್ಕು ಸಣ್ಣ ಚೌಕ ಇತ್ತು. ನಿಧಾನ ಬಡಿತಕ್ಕೆ ಕೊಡಬೇಕಾದ ರಿಯಾಯಿತಿಯನ್ನೆಲ್ಲ ಕೊಟ್ಟು ಸೂತ್ರ ಹಾಕಿದರೂ ಅದು ಮಿತಿ ದಾಟಿತ್ತು. ನಾಲ್ಕು ಸಲ ಅಳೆದೆ. ನಾಲ್ಕು ಸಲವೂ ಅಷ್ಟೇ ಬಂತು.

ಬೆಳಗಾವಿಯಲ್ಲಿ ಹೃದ್ರೋಗ ತಜ್ಞನಾಗಿರುವ ನನ್ನ ಹಳೆಯ ಸಹಪಾಠಿಗೆ ಕಾಗದದ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಅವನ ಫೋನು ಬಂತು. "ಲಾಂಗ್ ಕ್ಯೂಟಿ ಅಲ್ಲೇನೋ ಇದು? ನೀರಿನ್ಯಾಗ ಎಚ್ಚರ ತಪ್ಪಿದ್ದಳು ಅಂತೀ. ಈ ರೋಗದಾಗ ಒಂದ ಜಾತಿಗೆ ಈಜೂದೇ ವೈರಿ. ಪೇಷಂಟ್ ಎಲ್ಲಿ ಅದಾಳ? ಲಗೂನ ಗುಳಿಗಿ ಚಾಲೂ ಮಾಡು" ಎಂದ. "ನಿನ್ನೆ ಈಜುಕೊಳದಾಗ ಹೋದ್ಲು" ಎಂದೆ. ಅವನು ಮೆಲ್ಲಗೆ, "ಇದು ರಕ್ತದಾಗ ಬರ್ತೈತಿ. ಮನಿಯವರದೆಲ್ಲಾ ಇಸಿಜಿ ತಗಿ" ಎಂದ.

ಭಾಗ್ಯಾಳಿಗೆ ಸೃಷ್ಟಿ ಎಂಬ ಒಂಬತ್ತು ವರ್ಷದ ತಂಗಿಯಿದ್ದಳು. ಅವಳೂ ಅದೇ ಬಾವಿಯಲ್ಲಿ ಈಜು ಕಲಿಯುತ್ತಿದ್ದಳು. ಅದು ನೆನಪಾದದ್ದೇ ತಡ, ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಹಿಪ್ಪರಗಿಗೆ ಹೊರಟೆ. ಸಾವಿನ ಮನೆಗೆ ಮರುದಿನವೇ ಯಂತ್ರ ಹೊತ್ತುಕೊಂಡು ಹೋಗುವುದೆಂದರೆ ಜನ ಏನೆಂದಾರು ಎಂಬ ಅಂಜಿಕೆ ಇತ್ತು. ಆದರೆ ಕಾಯುವ ಧೈರ್ಯ ನನಗಿರಲಿಲ್ಲ.

ಮಲ್ಲಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಂಬಳಿ ಹಾಸಿ ಕೂರಿಸಿದ. ಪಡಸಾಲೆಯಲ್ಲೇ ಒಬ್ಬೊಬ್ಬರನ್ನಾಗಿ ಮಲಗಿಸಿ ಇಸಿಜಿ ತೆಗೆದೆ. ಭಾಗ್ಯಾಳ ತಾಯಿಯದು ಸರಿ ಇತ್ತು, ಗೌರವ್ವನದೂ ಸರಿ ಇತ್ತು. ಮಲ್ಲಪ್ಪನದು ಉದ್ದ ಬಂತು. ಸೃಷ್ಟಿಯದು ಇನ್ನೂ ಉದ್ದ ಬಂತು. ಆ ಮಗು ಅಂಗಾತ ಮಲಗಿ, "ಅಕ್ಕಗೂ ಹಿಂಗ ವೈರ್ ಹಚ್ಚಿದ್ರೇನ್ರಿ?" ಎಂದು ಕೇಳಿತು. ನಾನು ಹೌದೆಂದು ತಲೆ ಆಡಿಸಿದೆ.

ಮಲ್ಲಪ್ಪನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಮತ್ತೆ ಕೇಳಿದೆ. ಈ ಸಲ ಎದೆ, ಹಾರ್ಟು ಎಂಬ ಮಾತನ್ನೇ ಎತ್ತಲಿಲ್ಲ. "ನಿಮ್ಮ ಮನ್ಯಾಗ ಯಾರರೆ ಭಾಗ್ಯಾನ ಹಂಗ ನೀರಿನ್ಯಾಗ ಹೋಗ್ಯಾರೇನಪಾ?"

ಅವನು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಮ್ಮಕ್ಕ ರೀ. ಶಾಂತಕ್ಕ. ಹದಿನೇಳ ವರ್ಸದಾಕಿ. ನಾ ಆಗ ಹನ್ನೆರಡ ವರ್ಸದಾಂವ. ಅದೇ ಬಾವಿಗೆ ಬಿದ್ದು ಸತ್ಲರಿ."

"ಈಜ ಬರ್ತಿದ್ದಿಲ್ಲೇನು?"

"ಅದೇ ಮತ್ತ ರೀ. ಓಣ್ಯಾಗ ಆಕಿ ಹಂಗ ಈಜಾವ್ರ ಯಾರೂ ಇದ್ದಿಲ್ಲ. ಸೋದರಮಾವಗ ಕೊಡೂದಂತ ಮಾತ ಆಗಿತ್ತು. ಆಕಿ ಒಲ್ಲೆ ಅಂದಿದ್ಲು. ಅವತ್ತ ಮುಂಜಾನಿ ಅವ್ವ ಆಕಿನ್ನ ಬಾಯಿಗೆ ಬಂದಂಗ ಬೈದಿದ್ಲು. ಮಧ್ಯಾಹ್ನ ಅರಿವಿ ಒಗ್ಯಾಕ ಹೋದಾಕಿ ನೀರಿಗೆ ಇಳದ್ಲು. ಮೆಟ್ಟಲ ಮ್ಯಾಲ ಇದ್ದ ಹೆಣ್ಣಮಕ್ಕಳು ನೋಡ್ಯಾರ ರೀ. ನಡು ಬಾವಿಗೆ ಹೋಗಿ ಮಾರಿ ಕೆಳಗ ಮಾಡಿದ್ಲಂತ. ಒದ್ದಾಡ್ಲಿಲ್ಲಂತ. ಈಜ ಬರಾಕಿ ಒದ್ದಾಡದ ಮುಳುಗತಾಳಂದ್ರ ಏನರಿ? ಮನಸ ಮಾಡೇ ಹೋಗ್ಯಾಳಂತ ಊರ ಮಂದೆಲ್ಲಾ ಅಂತು. ಅವ್ವಾನೂ ಹಂಗೇ ತಿಳಕೊಂಡ್ಲು. ಅವತ್ತಿಂದ ಮನ್ಯಾಗ ಆಕಿ ಹೆಸರ ತಗದಿಲ್ರಿ."

ಎಲ್ಲರೂ ಈಜಬಲ್ಲ ಊರು ಮಾಡಬಹುದಾದ ತಪ್ಪು ಅದು. ನಮ್ಮ ಕಡೆ ಈಜು ಬಂದವರು ನೀರಿನಲ್ಲಿ ಸತ್ತರೆ ಅದಕ್ಕೆ ರೋಗ ಕಾರಣ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ನಾನು ಎದೆಯ ಕಾಯಿಲೆ ಎಂದು ಕೇಳಿದ್ದೆ. ಬಾವಿಯ ಸಾವನ್ನು ಗೌರವ್ವ ಆ ಪ್ರಶ್ನೆಗೆ ಉತ್ತರವಾಗಿ ಹೇಗೆ ಹೇಳಿಯಾಳು?

ನಾನು ಮಲ್ಲಪ್ಪನಿಗೆ ರೋಗದ ಬಗೆ ತಿಳಿಸಿ ಹೇಳುತ್ತಿದ್ದೆ. ಬಾಗಿಲ ಮರೆಯಲ್ಲಿ ನಿಂತು ಗೌರವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ನನ್ನ ಮುಂದೆ ನಿಂತಳು.

"ಹಂಗಾರ ನಮ್ಮ ಶಾಂತಿ ತಾನಾಗಿ ಬಿದ್ದಿಲ್ಲೇನ್ರಿ?"

ಶಾಂತವ್ವನ ಇಸಿಜಿ ಇರಲಿಲ್ಲ. ಒಂದು ಚೂರು ಕಾಗದವೂ ಇರಲಿಲ್ಲ. ಖಚಿತವಾಗಿ ಹೇಳಲಾರೆ ಎನ್ನುವುದೇ ಸರಿಯಾದ ಉತ್ತರ. ಆದರೆ ಆಯುಷ್ಯದಲ್ಲಿ ಅದೊಂದು ಸಲ ಮಾತ್ರ ನಾನು ಕಾಗದವಿಲ್ಲದೆ ನಿರ್ಣಯ ಕೊಟ್ಟೆ. "ಇಲ್ಲ ಯವ್ವಾ. ಆಕಿ ಬಿದ್ದಿಲ್ಲ. ಆಕಿ ಹಾರ್ಟ್ ನಿಂತೈತಿ" ಎಂದೆ.

ಗೌರವ್ವ ಅಲ್ಲೇ ನೆಲಕ್ಕೆ ಕುಸಿದು ಕೂತಳು. "ಮಾನೌಮಿ ಅಮಾಸಿಗೆ ಸತ್ತವರಿಗೆಲ್ಲಾ ಎಡಿ ಹಿಡಿತೀವ್ರಿ. ಆಕಿಗೊಂದ ಹಿಡಿದಿಲ್ರಿ. ನನ್ನ ಮ್ಯಾಲಿನ ಸಿಟ್ಟಿಗೆ ಸತ್ತಾಕಿ, ನನ್ನ ಕೈಲೆ ಉಣ್ಣಾಂಗಿಲ್ಲ ಅಂತ ಹಿಡಿದಿಲ್ರಿ. ಇಷ್ಟ ವರ್ಸ ನನ್ನ ಮಗಳು ಉಪಾಸ ಅದಾಳ್ರಿ" ಎಂದು ಎದೆ ಎದೆ ಬಡಿದುಕೊಂಡು ಅತ್ತಳು. ಮಲ್ಲಪ್ಪನೂ ಅತ್ತ. ನಾನು ಕಣ್ಣೊರೆಸಿಕೊಳ್ಳುವುದಕ್ಕೂ ನಾಚಿಕೆಯಾಗಿ ಹಾಗೇ ಕೂತೆ.

ಬಹಳ ಹೊತ್ತಿನ ಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಮಾತು ಕೇಳಿದಳು. ಆ ಪ್ರಶ್ನೆ ಬಂದೀತೆಂದು ನನಗೆ ಭಯವಿತ್ತು.

"ಅವತ್ತ ನಿಮ್ಮ ದವಾಖಾನ್ಯಾಗ ನಾ ಶಾಂತಿ ಸುದ್ದಿ ಹೇಳಿದ್ರ, ಭಾಗ್ಯಾ ಉಳೀತಿದ್ಲೇನ್ರಿ?"

ಉಳಿಯುತ್ತಿದ್ದಳೋ ಏನೋ. ಹಾಗೆಂದರೆ ಆ ಮುದುಕಿ ಮಗಳ ಭಾರ ಇಳಿಸಿ ಮೊಮ್ಮಗಳ ಭಾರ ಹೊರಬೇಕು. ಅದಕ್ಕಿಂತ ಮುಖ್ಯವಾಗಿ, ಅದು ಪೂರ್ತಿ ಖರೆಯೂ ಅಲ್ಲ. "ಯವ್ವಾ, ನೀ ಹೇಳೂದು ಬೇಕಾಗಿದ್ದಿಲ್ಲ. ಆಕಿ ರೋಗ ನನ್ನ ಕೈಯಾಗಿನ ಕಾಗದದ ಮ್ಯಾಲ ಬರದಿತ್ತು. ನಾ ಅಳೀಲಿಲ್ಲ. ತಪ್ಪ ನಂದು" ಎಂದೆ.

"ನೀವರೆ ನೋಡಬೇಕಿತ್ತಲ್ಲಪಾ" ಎಂದಳು ಗೌರವ್ವ. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಅದನ್ನು ಇಂದಿಗೂ ಮರೆಯಲಾರೆ.

ಮಲ್ಲಪ್ಪ ಮತ್ತು ಸೃಷ್ಟಿಯ ರಕ್ತವನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದೆ. ರೋಗ ಖಚಿತವಾಯಿತು. ತೀರಿಹೋದ ಗೌರವ್ವನ ಗಂಡನ ಕಡೆಯಿಂದ ಬಂದಿರಬೇಕು. ಇಬ್ಬರಿಗೂ ಹೃದಯವನ್ನು ಹದ್ದುಬಸ್ತಿನಲ್ಲಿಡುವ ಗುಳಿಗೆ ಶುರುವಾಯಿತು. ಸೃಷ್ಟಿ ನೀರಿಗಿಳಿಯುವುದು ನಿಂತಿತು. ಈರಣ್ಣ ಮಾಸ್ತರರು ಈಜು ಕಲಿಸುವುದನ್ನೇ ಬಿಡುತ್ತೇನೆಂದು ಕೂತಿದ್ದರು. ನಾನೇ ಹೋಗಿ ಜಗಳಾಡಿ ಬಿಡದಂತೆ ಮಾಡಿದೆ. ಈಜು ಕೆಟ್ಟದ್ದಲ್ಲ. ಆ ಉಳಿದ ಏಳು ಮಕ್ಕಳ ಎದೆಗಳನ್ನು ಕಂಡರೆ ಇಂದಿಗೂ ನನಗೆ ಹಿಗ್ಗಾಗುತ್ತದೆ. ಆದರೆ ಈಗ ಸಹಿಗೆ ಬಂದ ಪ್ರತಿ ಮಗುವಿನ ಇಸಿಜಿಯನ್ನು ಸ್ಕೇಲಿಟ್ಟು ಅಳೆಯುತ್ತೇನೆ. ಮನೆಯವರನ್ನು, ಯಾರಿಗೆ ಯಾವ ಕಾಯಿಲೆ ಇತ್ತು ಎಂದಷ್ಟೇ ಕೇಳಿ ಬಿಡುವುದಿಲ್ಲ. ಎಳೆಯ ವಯಸ್ಸಿನಲ್ಲಿ ಯಾರು ಹೋದರು, ಎಲ್ಲಿ ಹೋದರು, ಊರು ಏನೆಂದಿತು, ಕಂಡವರು ಏನು ಕಂಡರು, ಎಲ್ಲವನ್ನೂ ಕೇಳುತ್ತೇನೆ. ಮುಚ್ಚಿಟ್ಟ ಸಾವುಗಳು ಎಷ್ಟೋ ಮನೆಗಳಲ್ಲಿ ಇವೆ. ಕೇಳುವವರು ಸಮಾಧಾನದಿಂದ ಕೇಳಿದರೆ ಹೇಳುತ್ತಾರೆ. ವೈದ್ಯ ಸಂತೋಷದಲ್ಲಿದ್ದಾಗ ಓದಿದ ಕಾಗದವನ್ನು ಮತ್ತೊಮ್ಮೆ ಓದಬೇಕು ಎಂಬುದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ. ಕಲಿಸಲು ಒಂದು ಮಗು ಹೋಗಬೇಕಾಯಿತು.

ಮೂರು ತಿಂಗಳಿಗೊಮ್ಮೆ ಸೃಷ್ಟಿಯನ್ನು ತಪಾಸಣೆಗೆ ಕರೆದುಕೊಂಡು ಬರುವವಳು ಗೌರವ್ವನೇ. ಬೇರೆ ಯಾರ ಜೊತೆಗೂ ಕಳಿಸುವುದಿಲ್ಲ. ಯಂತ್ರದಿಂದ ಕಾಗದ ಹೊರಬಂದಾಗ ಬೆಂಚಿನಿಂದ ಎದ್ದು ಬಂದು ನನ್ನ ಖುರ್ಚಿಯ ಪಕ್ಕದಲ್ಲಿ ನಿಲ್ಲುತ್ತಾಳೆ. ಆಕೆಗೆ ಓದು ಬಾರದು. ನಾನು ಸ್ಕೇಲಿಟ್ಟು ಚೌಕ ಎಣಿಸಿ ಮುಗಿಸುವವರೆಗೂ ನನ್ನ ಕೈಯನ್ನೇ ನೋಡುತ್ತಿರುತ್ತಾಳೆ.

"ನೋಡಿದ್ರೇನ್ರಿ?"

"ನೋಡಿದೆ ಯವ್ವಾ. ಛಲೋ ಐತಿ."

"ಇನ್ನೊಮ್ಮೆ ನೋಡ್ರಿ."

ನಾನು ಇನ್ನೊಮ್ಮೆ ನೋಡುತ್ತೇನೆ.